ಕರೆಂಟಿನ ರುಚಿ ನೋಡುವ ಭಾವ

ನಮ್ಮ ಭಾವ ಕರೆಂಟಿನ ರುಚಿ ನೋಡುತ್ತಾರೆ. ಮಾತಿನ ಚಂದಕ್ಕೆ ಹೇಳಿದ್ದಲ್ಲ. ನಿಜವಾಗಿ, ನಾಲಗೆ ಚಾಚಿ! ಮೂವತ್ತೈದು ವರ್ಷ ಸಾಂಬಾರಿನ ಉಪ್ಪು ನೋಡಿದ ನಾಲಗೆ ಅದು. ಸಣ್ಣ ಬ್ಯಾಟರಿಯ ಎರಡು ವೈರುಗಳ ತುದಿಯನ್ನು ಅದಕ್ಕೆ ಮುಟ್ಟಿಸಿ, ಕಣ್ಣು ಮುಚ್ಚಿ, ಒಂದು ಕ್ಷಣ ಸುಮ್ಮನಿದ್ದು, “ಹುಳಿ ಸ್ವಲ್ಪ ಕಡಿಮೆ ಉಂಟು, ಇನ್ನೊಂದು ಗಂಟೆ ಚಾರ್ಜ್ ಆಗ್ಲಿ” ಎನ್ನುತ್ತಾರೆ. ಮೀಟರು ಹಿಡಿದು ನೋಡಿದರೆ ನಿಜವಾಗಿಯೂ ಕಡಿಮೆಯೇ ಇರುತ್ತದೆ. ಇಂಥವರಿಗೆ ಬುದ್ಧಿ ಹೇಳುವುದಾದರೂ ಹೇಗೆ? ನೀವು ಯಾರೂ ಇದನ್ನು ಮನೆಯಲ್ಲಿ ಮಾಡಬೇಡಿ. ಮಾಡಿದರೂ ನನಗೆ ತಿಳಿಸಬೇಡಿ. ಹೊಸ ಚಿಂತೆಗಳಿಗೆ ನನ್ನಲ್ಲಿ ಸದ್ಯ ಜಾಗವಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯಿಂದ ಬಂದು ಕೋಲ್ಕತ್ತದ ಗರಿಯಾಹಾಟಿನ ಒಂದು ಸಂದಿಯಲ್ಲಿ ಸಣ್ಣ ಹೋಟೆಲು ನಡೆಸುತ್ತಿರುವವರು ನಾವು. ಬೆಳಗಿನ ನಾಲ್ಕರಿಂದ ಮಧ್ಯಾಹ್ನದವರೆಗೆ ಅಡುಗೆಮನೆ ಭಾವನದು. ಗಲ್ಲೆಯಲ್ಲಿ ಕೂರುವವನು ನಾನು. ಮನೆ ಕಸ್ಬಾದಲ್ಲಿ, ರೈಲು ಹಳಿಯ ಮೇಲಿನ ಸೇತುವೆ ದಾಟಿದರೆ ಆಯಿತು. ಒಂದೇ ಕಟ್ಟಡ, ಎರಡನೆಯ ಮಹಡಿಯಲ್ಲಿ ನಾವು, ಮೂರನೆಯದರಲ್ಲಿ ಅಕ್ಕ-ಭಾವ.

ಗಲ್ಲೆ ನನ್ನ ಹೊಟ್ಟೆಪಾಡು. ನನ್ನ ನಿಜವಾದ ಉದ್ಯೋಗ ಚಿಂತೆ ಮಾಡುವುದು. ಫೋನು ಬಂದರೆ ಯಾರಿಗೆ ಏನಾಯಿತೋ ಎಂದುಕೊಳ್ಳುತ್ತೇನೆ. ಬಾರದಿದ್ದರೆ, ಹೇಳಲಿಕ್ಕೂ ಯಾರೂ ಉಳಿದಿಲ್ಲವೇನೋ ಎಂದುಕೊಳ್ಳುತ್ತೇನೆ. ಇಂಥ ಮನುಷ್ಯನಿಗೆ ದೇವರು ಇಂಥ ಭಾವನನ್ನು ಕೊಟ್ಟ. ಅಷ್ಟಕ್ಕೇ ಬಿಡದೆ ಆ ಭಾವನಿಗೆ ಒಂದು ಸೈಕಲ್ಲು ಕೊಟ್ಟ, ಸೈಕಲ್ಲಿಗೆ ಎಂಜಿನ್ನೂ ಕೊಟ್ಟ!

ಹೌದು, ಎಂಜಿನ್ನು. ಹಾಲಿನವರು ಓಡಿಸುವಂಥ ಒಂದು ಹಳೆಯ ಗಟ್ಟಿ ಸೈಕಲ್ಲಿನ ನಡುವೆ, ಸುಲಿದ ತೆಂಗಿನಕಾಯಿಯಷ್ಟು ದೊಡ್ಡದಾದ ಪೆಟ್ರೋಲ್ ಎಂಜಿನ್ನನ್ನು ಭಾವ ತಾವೇ ಕೂರಿಸಿದ್ದರು. ಮಿಕ್ಸಿಯಲ್ಲಿ ಕೊತ್ತಂಬರಿ ಬೀಜ ಹಾಕಿ ತಿರುಗಿಸಿದಂತೆ ಸದ್ದು. ಗರಿಯಾಹಾಟಿನ ಸೀರೆ ಅಂಗಡಿಯವರು ಆ ಸದ್ದು ಕೇಳಿದರೆ ತಿರುಗಿ ನೋಡದೆಯೇ ದಾರಿ ಬಿಡುತ್ತಾರೆ. ಮಧ್ಯಾಹ್ನ ಊಟ ಮಾಡಿ, ಅರ್ಧ ಗಂಟೆ ಅಡ್ಡಾಗಿ, ಎರಡು ಗಂಟೆಗೆ ಭಾವ ಅದನ್ನು ಹತ್ತಿ ಹೊರಟರೆಂದರೆ ಎಲ್ಲಿಗೆ ಎಂದು ಕೇಳಬಾರದು. ಊರಿನ ಇನ್ನೊಂದು ತುದಿಯ ದಕ್ಷಿಣೇಶ್ವರದವರೆಗೂ ಹೋಗಿಬಿಡುತ್ತಾರೆ. ದೇವಸ್ಥಾನಕ್ಕಾಗಿಯಲ್ಲ, ನದಿಯ ದಂಡೆಯಲ್ಲಿ ನಿಂತು ದೋಣಿಯ ಎಂಜಿನ್ನಿನ ಸದ್ದು ಕೇಳಿ, ತಮ್ಮದರ ಜೊತೆ ಹೋಲಿಸಿ ನೋಡಿ ವಾಪಸಾಗಲಿಕ್ಕೆ.

ಹೀಗಿದ್ದರೂ ನನಗೂ ಅಕ್ಕನಿಗೂ ಒಂದು ಸಮಾಧಾನವಿತ್ತು. ಸೈಕಲ್ಲಿಗೆ ದೀಪ ಇರಲಿಲ್ಲ! ದೀಪವಿಲ್ಲದ ಗಾಡಿ ಕತ್ತಲೆಯಲ್ಲಿ ರಸ್ತೆಗೆ ಇಳಿಯಬಾರದು ಎಂಬುದು ಭಾವ ತಮಗೆ ತಾವೇ ಹಾಕಿಕೊಂಡ ನಿಯಮ. ಅದನ್ನು ಅವರು ಮುರಿಯುವವರಲ್ಲ. ಚಳಿಗಾಲದಲ್ಲಿ ಇಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಹಾಗಾಗಿ ನಾಲ್ಕೂವರೆಗೆ ಮಿಕ್ಸಿಯ ಸದ್ದು ನಮ್ಮ ಪಾಡಾದ, ಅಂದರೆ ಕೇರಿಯ, ತಿರುವಿನಲ್ಲಿ ಕೇಳಿಸಿಯೇ ಕೇಳಿಸುತ್ತಿತ್ತು. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುವ ನೆಪದಲ್ಲಿ ನಿಂತಿರುತ್ತಿದ್ದ ಅಕ್ಕ, ಒಣಗಿರಲಿ ಬಿಡಲಿ, ಬಟ್ಟೆ ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು.

ಒಂದು ದಿನ ಗಲ್ಲೆಯ ಮುಂದೆ ನಿಂತು ಭಾವ ಘೋಷಿಸಿದರು: “ಸೈಕಲ್ಲಿಗೆ ಲೈಟ್ ಹಾಕುದು ಅಂತ ಮಾಡಿದ್ದೇನೆ. ಓಡುವಾಗಲೇ ಬ್ಯಾಟರಿ ಚಾರ್ಜ್ ಆಗ್ಬೇಕು.”

ನನ್ನ ಕೈಯಲ್ಲಿದ್ದ ಚಿಲ್ಲರೆ ಕೆಳಗೆ ಬಿತ್ತು.

ಅಕ್ಕನಿಗೆ ಸುದ್ದಿ ಮುಟ್ಟಿಸಿದವನೂ ನಾನೇ. ಇಲ್ಲಿ ಒಂದು ವಿಷಯ ಹೇಳಬೇಕು. ಅಕ್ಕ-ಭಾವ ಪರಸ್ಪರ ನೇರವಾಗಿ ಮಾತಾಡುವುದು ಕಡಿಮೆ. ಜಗಳವೇನೂ ಇಲ್ಲ. ಮದುವೆಯ ಹೊಸತರಲ್ಲಿ ನಾಚಿಕೆಯಿಂದ ನನ್ನ ಮೂಲಕ ಮಾತು ಶುರುವಾಯಿತು. ನಾಚಿಕೆ ಹೋದರೂ ನಾನು ಉಳಿದುಕೊಂಡೆ. “ಬರುವಾಗ ಕರಿಬೇವು ತರ್ಲಿಕ್ಕೆ ಹೇಳು” ಎಂದು ಅಕ್ಕ ನನಗೆ ಹೇಳುತ್ತಾಳೆ. ಭಾವ ಅಲ್ಲೇ ಪಕ್ಕದಲ್ಲಿ ಚಪ್ಪಲಿ ಮೆಟ್ಟುತ್ತಿರುತ್ತಾರೆ. “ಎಷ್ಟು ಕಟ್ಟು ಕೇಳು” ಎಂದು ಅವರೂ ನನಗೇ ಹೇಳುತ್ತಾರೆ. ಮೂವತ್ತು ವರ್ಷದ ಸಂಸಾರ ಹೀಗೆ ನನ್ನ ಬಾಯಿಂದಲೇ ಸಾಗಿದೆ!

ದೀಪದ ಸುದ್ದಿ ಕೇಳಿ ಅಕ್ಕ ಸೌಟು ಕೆಳಗಿಟ್ಟಳು. ಲೈಟ್ ಬಂದರೆ ಇನ್ನು ಇವರು ಮನೆ ಸೇರುವುದು ಯಾವಾಗ ಎಂದು ಕೇಳಿದಳು. ಆ ಬಸ್ಸುಗಳು, ಆ ಆಟೋಗಳು, ಅರುವತ್ತು ದಾಟಿದ ಕಣ್ಣು... ಆಮೇಲೆ, ಎಂದಿನಂತೆ, “ನೀನು ಏನಾದ್ರೂ ಮಾಡು” ಎಂದಳು. ಬೇಡವೆಂದು ನೀನೇ ಹೇಳಬಾರದೇ ಎಂದರೆ, “ನಾನು ಎಂತ ಹೇಳುದು ಅವರಿಗೆ?” ಎಂದು ಸೌಟು ಎತ್ತಿಕೊಂಡಳು.

ಹೀಗೆ, ಕೋಲ್ಕತ್ತದಲ್ಲಿ ಒಂದು ದೀಪ ಹೊತ್ತದಂತೆ ನೋಡಿಕೊಳ್ಳುವ ಜವಾಬ್ದಾರಿ ನನ್ನ ತಲೆಯ ಮೇಲೆ ಬಂತು.

ಶುರುವಿನಲ್ಲಿ ನಾನು ಏನೂ ಮಾಡಬೇಕಾಗಿ ಬರಲಿಲ್ಲ; ವಿಜ್ಞಾನವೇ ನನ್ನ ಪರವಾಗಿತ್ತು. ಎಂಜಿನ್ನು ತನ್ನ ಕಿಡಿಗಾಗಿ ಚೂರು ಕರೆಂಟು ತಾನೇ ಹುಟ್ಟಿಸಿಕೊಳ್ಳುತ್ತದಂತೆ. ಭಾವ ಅದರಿಂದಲೇ ಒಂದು ವೈರು ಎಳೆದು ಲ್ಯಾಂಪಿಗೆ ಕೊಟ್ಟರು. ಸ್ವಿಚ್ಚು ಒತ್ತಿದರು. ದೀಪ ಹೊತ್ತಿತು, ಎಂಜಿನ್ನು ನಿಂತಿತು! ಸ್ವಿಚ್ಚು ಆರಿಸಿ ಪೆಡಲು ತುಳಿದರು. ಎಂಜಿನ್ನು ಶುರುವಾಯಿತು, ದೀಪವಿಲ್ಲ. ಮತ್ತೆ ಒತ್ತಿದರು, ಮತ್ತೆ ನಿಂತಿತು. ಇದ್ದದ್ದೇ ಒಂದು ತುತ್ತು. ಅದನ್ನು ದೀಪ ಕಸಿದರೆ ಎಂಜಿನ್ನಿಗೆ ಉಪವಾಸ. “ದಾರಿ ಕಾಣ್ತದೆ, ಹೋಗ್ಲಿಕ್ಕೆ ಆಗುದಿಲ್ಲ” ಎಂದರು ಭಾವ, ತಲೆ ಕೆರೆಯುತ್ತಾ. ಇದಕ್ಕಿಂತ ಸುರಕ್ಷಿತವಾದ ವಾಹನವನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಹೀಗೇ ಇರಲಿ ಭಾವ ಎಂದು ಬೇಡಿಕೊಂಡೆ.

ಅವರು ಕೇಳುವವರೇ? ಮರುದಿನವೇ ಹಿಂದಿನ ಚಕ್ರಕ್ಕೆ ಉಜ್ಜಿ ತಿರುಗುವ ಒಂದು ಡೈನಮೊ ಬಂತು. ಎಮರ್ಜೆನ್ಸಿ ಲೈಟಿನ ಆರು ವೋಲ್ಟಿನ ಬ್ಯಾಟರಿ ಬಂತು. ಡೈನಮೊದ ಕರೆಂಟು ಕೋಲ್ಕತ್ತದ ಒನ್‌ವೇ ರಸ್ತೆಗಳ ಹಾಗಂತೆ. ಬೆಳಿಗ್ಗೆ ಈ ಕಡೆಯಿಂದ ಆ ಕಡೆಗೆ, ಮಧ್ಯಾಹ್ನದ ಮೇಲೆ ಆ ಕಡೆಯಿಂದ ಈ ಕಡೆಗೆ. ಬ್ಯಾಟರಿಗೋ ಯಾವಾಗಲೂ ಒಂದೇ ಕಡೆಯಿಂದ ಬರಬೇಕು. ಅದಕ್ಕೆ ನಾಲ್ಕು ಡಯೋಡುಗಳನ್ನು ಟ್ರಾಫಿಕ್ ಪೊಲೀಸರಂತೆ ನಾಲ್ಕು ಮೂಲೆಗೆ ನಿಲ್ಲಿಸಬೇಕು ಎಂದು ಭಾವ ನನಗೆ ವಿವರಿಸಿದರು. ಅಕ್ಕ ನೆಲದ ಮೇಲೆ ರಂಗೋಲಿ ಹಾಕುವಷ್ಟೇ ಶ್ರದ್ಧೆಯಿಂದ ಭಾವ ಹೋಟೆಲಿನ ಬಿಲ್ಲಿನ ಹಿಂಬದಿಯಲ್ಲಿ ನಕ್ಷೆ ಬರೆದರು. ಎಲ್ಲ ಸರಿ. ಆದರೆ ಬ್ಯಾಟರಿಯನ್ನು ಮಳೆನೀರು ತಾಗದಂತೆ ಇಡುವುದು ಯಾವುದರಲ್ಲಿ?

ಬೇರೆಯವರಾದರೆ ಪ್ಲಾಸ್ಟಿಕ್ಕು, ರಬ್ಬರು ಎನ್ನುತ್ತಿದ್ದರೇನೋ. ಅಡುಗೆಯವರಿಗೆ ಈ ಭೂಮಿಯ ಮೇಲೆ ನಂಬಿಕೆ ಇರುವುದು ಒಂದೇ ವಸ್ತುವಿನ ಮೇಲೆ: ಸ್ಟೀಲು! ಭಾವ ಊಟದ ಕ್ಯಾರಿಯರಿನ ದೊಡ್ಡ ಸ್ಟೀಲ್ ಡಬ್ಬಿ ತಂದರು. ಲೋಹಕ್ಕೆ ಕರೆಂಟು ತಾಗೀತು ಎಂದು ನಾನು ನೆನಪಿಸಿದೆ. ಅದಕ್ಕೂ ಅವರಲ್ಲಿ ಉಪಾಯವಿತ್ತು. ಒಳಗೆ ಬಾಳೆಲೆ ಹಾಸಿದರು! ಹಾಸುವ ಮೊದಲು ಎಲೆಗೆ ನೀರು ಚಿಮುಕಿಸಿ ಒರೆಸಿದರು. ಯಾಕೆ ಎಂದರೆ, “ಎಲೆ ತೊಳೆಯದೆ ಬಡಿಸುದುಂಟಾ?” ಎಂದರು.

ಸೇತುವೆಯ ಮೇಲಿನ ಎರಡನೆಯ ಗುಂಡಿಗೆ ಎಲೆ ಹರಿದು, ಬ್ಯಾಟರಿಯ ಎರಡೂ ತುದಿ ಸ್ಟೀಲಿಗೆ ತಾಗಿ, ಡಬ್ಬಿಯಿಂದ ಹೊಗೆ ಎದ್ದಿತು. ನಾನು ಹಿಂದಿನಿಂದ ಆಟೋದಲ್ಲಿ ಬರುತ್ತಿದ್ದವನು (ಹೌದು, ಹಿಂಬಾಲಿಸುತ್ತಿದ್ದೆ!) ಆಟೋ ನಿಲ್ಲುವ ಮೊದಲೇ ಇಳಿದು ಮಂಡಿ ತರಚಿಕೊಂಡೆ. ಭಾವನಿಗೆ ಏನೂ ಆಗಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದರು. ಇಡೀ ಸೇತುವೆಗೆ ಬಾಳೆಲೆ ಕಡುಬಿನ ಪರಿಮಳ! “ಬೆಂದಿದೆ” ಎಂದರು.

ಹೊಗೆಯ ಸುದ್ದಿಯನ್ನು ಅಕ್ಕನಿಗೆ ಕೂಡಲೇ ಮುಟ್ಟಿಸಿದೆ.

ಆಮೇಲಿನ ಬ್ಯಾಟರಿ ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕುಳಿತಿತು. ಹೊಗೆ ಬರಲಿಲ್ಲ. ಆದರೆ ಒಂದು ವಾರದಲ್ಲಿ ಬ್ಯಾಟರಿ ಇಡ್ಲಿಯಂತೆ ಉಬ್ಬಿತು. ಚಾಂದನಿ ಮಾರುಕಟ್ಟೆಯ ಎಲೆಕ್ಟ್ರಾನಿಕ್ಸ್ ಸಂದಿಗೆ ಅದನ್ನು ಒಯ್ದೆವು. ಅಂಗಡಿಯ ಮುದುಕರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ದಾದಾ, ಇದಕ್ಕೆ ಏನು ತಿನ್ನಿಸಿದಿರಿ ಎಂದು ಹಿಂದಿಯಲ್ಲಿ ಕೇಳಿದರು. ದಕ್ಷಿಣೇಶ್ವರಕ್ಕೆ ಹೋಗಿ ಬರುವವರೆಗೂ ಬಿಡದೆ ಚಾರ್ಜ್ ಮಾಡಿದೆನೆಂದು ಭಾವ ಹೆಮ್ಮೆಯಿಂದ ಹೇಳಿಕೊಂಡರು. ಬ್ಯಾಟರಿಗೂ ಒಂದು ಹೊಟ್ಟೆ ಇರುತ್ತದೆ ದಾದಾ ಎಂದರು ಮುದುಕರು.

ಮಾತು ಭಾವನಿಗೆ ಕೂಡಲೇ ಅರ್ಥವಾಯಿತು. ಬಡಿಸುವವನು ಎಷ್ಟೇ ಒತ್ತಾಯ ಮಾಡಲಿ, ಉಣ್ಣುವವನು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ನಿಲ್ಲಿಸಬೇಕು. ಬಡಿಸುವ ಕೆಲಸದ ಮೊದಲ ಪಾಠ ಅದು. ಹಾಗೆ ಕೈ ಅಡ್ಡ ಹಿಡಿಯುವ ಸಾಮಾನಿಗೆ ರೆಗ್ಯುಲೇಟರ್ ಎನ್ನುತ್ತಾರೆ. ಬೆಂಕಿಪೆಟ್ಟಿಗೆಯಷ್ಟಿತ್ತು. ದಾರಿಯುದ್ದಕ್ಕೂ ಭಾವ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, “ಇಷ್ಟು ಸಣ್ಣ ಮಾತು ನನಗೆ ಹೊಳೀಲಿಲ್ಲ ನೋಡು” ಎನ್ನುತ್ತಿದ್ದರು.

ಅದರೊಂದಿಗೆ ವಿಜ್ಞಾನ ನನ್ನ ಕೈಬಿಟ್ಟಿತು. ದೀಪ ಹೊತ್ತಿತು, ಎಂಜಿನ್ನೂ ಓಡಿತು. ಸಾಲದ್ದಕ್ಕೆ ಅದೇ ವೈರಿನಿಂದ ಮೊಬೈಲ್ ಚಾರ್ಜ್ ಮಾಡುವ ವ್ಯವಸ್ಥೆಯೂ ಆಯಿತು! ಅಕ್ಕನಿಗೆ ಹೋಗಿ ಹೇಳಿದೆ: ಬ್ಯಾಟರಿ ಉಬ್ಬಿತ್ತು, ಈಗ ಬೇರೆ ಹಾಕಿದ್ದಾರೆ, ಅದೂ ಯಾವಾಗ ಉಬ್ಬುತ್ತದೋ ಗೊತ್ತಿಲ್ಲ. ಅಕ್ಕ ನನ್ನ ಮುಖವನ್ನೇ ನೋಡಿದಳು. ಆ ನೋಟದ ಅರ್ಥ: ನೀನು ಏನಾದ್ರೂ ಮಾಡು.

ಮಾಡಿದೆ. ಹೇಳಲಿಕ್ಕೆ ನಾಚಿಕೆಯಾಗುತ್ತದೆ. ಮರುದಿನ ಮಧ್ಯಾಹ್ನ ಭಾವ ಅಡ್ಡಾಗಿದ್ದಾಗ ಮೆಟ್ಟಿಲ ಕೆಳಗೆ ನಿಂತಿದ್ದ ಸೈಕಲ್ಲಿನ ಹತ್ತಿರ ಹೋಗಿ, ಲ್ಯಾಂಪಿಗೆ ಹೋಗುವ ಕೆಂಪು ವೈರನ್ನು ಹಿಡಿದಿದ್ದ ಒಂದು ಸಣ್ಣ ನಟ್ಟು ಬಿಚ್ಚಿದೆ. ಐವತ್ತು ವರ್ಷದ ಬಾಳಿನಲ್ಲಿ ನಾನು ಮಾಡಿದ ಮೊದಲ ಕಳ್ಳತನ. ಅದನ್ನೂ ಸರಿಯಾಗಿ ಮಾಡಲಾಗಲಿಲ್ಲ. ನಟ್ಟು ಎಸೆದರೆ ಹೊಸದನ್ನು ತರಲು ಭಾವ ಚಾಂದನಿಗೆ ಹೋಗುತ್ತಾರೆ; ಅಲ್ಲಿಯ ಟ್ರಾಫಿಕ್ಕಿನಲ್ಲಿ ಏನಾದರೂ ಆದರೆ? ಜೇಬಿನಲ್ಲಿಟ್ಟುಕೊಂಡರೆ ನನ್ನಿಂದಲೇ ಕಳೆದುಹೋದರೆ? ಕೊನೆಗೆ ಅದನ್ನು ಪೇಪರಿನ ತುಂಡಿನಲ್ಲಿ ಸುತ್ತಿ, ಮಡಚಿ, ಅದೇ ಸೈಕಲ್ಲಿನ ಸೀಟಿನ ಅಡಿ ಸಿಕ್ಕಿಸಿ ಬಂದೆ!

ಎರಡು ಗಂಟೆಗೆ ಭಾವ ಇಳಿದು ಬಂದರು. ಸ್ವಿಚ್ಚು ಒತ್ತಿದರು. ಬೆಳಕಿಲ್ಲ. ಬಗ್ಗಿ ನೋಡಿದರು, ಸೀಟು ತಡವಿದರು, ಆಕಾಶ ನೋಡಿದರು. ಹಾಗೆಯೇ ಹೊರಟು, ನಾಲ್ಕೂವರೆಗೆ ಮನೆಗೆ ಬಂದರು. ಮರುದಿನ ನಾನು ನೋಡುವಾಗ ನಟ್ಟು ಸೀಟಿನ ಅಡಿಯೇ ಇತ್ತು. ಅದರ ಮರುದಿನವೂ. ಹೀಗೆ ಒಂಬತ್ತು ದಿನ!

ಸಂತೋಷಪಡಬೇಕಾಗಿತ್ತು. ಮೂರು ದಿನ ಪಟ್ಟೆ. ನಾಲ್ಕನೆಯ ದಿನ ಹೊಸ ಚಿಂತೆ ಹಿಡಿಯಿತು. ಕರೆಂಟಿನ ಹುಳಿ ನಾಲಗೆಯಲ್ಲಿ ಹೇಳುವ ಮನುಷ್ಯನಿಗೆ ಒಂದು ನಟ್ಟು ಇಲ್ಲವೆಂಬುದು ಕಾಣುವುದಿಲ್ಲವೇ? ಕಣ್ಣು ಹೋಯಿತೇ? ಮರೆವು ಶುರುವಾಯಿತೇ? ಅವರ ಅಣ್ಣನಿಗೆ ಹೀಗೇ ಶುರುವಾಗಿತ್ತಲ್ಲವೇ? ಒಂಬತ್ತನೆಯ ದಿನದ ಹೊತ್ತಿಗೆ ನಾನು ಮನಸ್ಸಿನಲ್ಲೇ ಅವರನ್ನು ಎರಡು ಡಾಕ್ಟರುಗಳಿಗೆ ತೋರಿಸಿ ಬಂದಿದ್ದೆ. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಹತ್ತನೆಯ ದಿನ ನಟ್ಟನ್ನು ಅದರ ಜಾಗದಲ್ಲಿ ಕೂರಿಸಿದೆ. ಕೂರಿಸಿ, ಎರಡು ಸುತ್ತು ಸಡಿಲ ಬಿಟ್ಟೆ. ಇಷ್ಟು ಸುಲಭದ ತಪ್ಪನ್ನು ಕಂಡುಹಿಡಿದರೆ ಬುದ್ಧಿ ನೆಟ್ಟಗಿದೆ ಎಂದು ಲೆಕ್ಕ.

ಭಾವ ಬಂದರು. ಸ್ವಿಚ್ಚು ಒತ್ತಿದರು. ದೀಪ ಹೊತ್ತಿತು. ಅವರ ಮುಖ ನಾನು ಕಂಡಂತೆ ಎಂದೂ ಅಷ್ಟು ಅರಳಿರಲಿಲ್ಲ. ನಟ್ಟು ಮುಟ್ಟಿಯೂ ನೋಡದೆ, ಸೈಕಲ್ಲು ಹತ್ತಿ ಹೊರಟೇ ಹೋದರು.

ನಾಲ್ಕೂವರೆಯಾಯಿತು. ಐದಾಯಿತು. ಬೀದಿದೀಪ ಹೊತ್ತಿತು. ಫೋನು ಮಾಡಿದರೆ ಸ್ವಿಚ್ ಆಫ್. ಮೇಲಿನ ಬಾಲ್ಕನಿಯಿಂದ ಅಕ್ಕ ಬಗ್ಗಿ ನೋಡಿ “ಕತ್ತಲಾಯ್ತು” ಎಂದಳು. ಅಷ್ಟೇ ಹೇಳಿದ್ದು. ಅವಳ ಕೈಯಲ್ಲಿ ಬಟ್ಟೆ ಇರಲಿಲ್ಲ.

ಸಡಿಲ ನಟ್ಟು. ಗುಂಡಿ ರಸ್ತೆ. ನಡುದಾರಿಯಲ್ಲಿ ಕಳಚಿದ ವೈರು. ಹಿಂದಿನಿಂದ ಬರುವ ಬಸ್ಸಿನ ಡ್ರೈವರಿಗೆ ಕಾಣದ ಒಂದು ಕಪ್ಪು ಸೈಕಲ್ಲು. ಅದರ ಮೇಲೆ ಅಕ್ಕನ ಗಂಡ. ನಾನು ಇಷ್ಟು ವರ್ಷ ಮಾಡಿದ ಚಿಂತೆಗಳೆಲ್ಲ ಬೇರೆಯವರು ಮಾಡಬಹುದಾದ ತಪ್ಪುಗಳ ಬಗ್ಗೆ. ಇದು ನನ್ನದೇ ಕೈಯ ಕೆಲಸ.

ಚಪ್ಪಲಿ ಅದಲು ಬದಲಾಗಿತ್ತು; ಸೇತುವೆ ಹತ್ತಿದ ಮೇಲೆ ಗೊತ್ತಾಯಿತು. ನಡುವೆ ಒಂದು ಕಡೆ ಜನ ಗುಂಪಾಗಿ ನಿಂತಿದ್ದರು. ಈ ಊರಿನಲ್ಲಿ ಜನ ಸುತ್ತುಗಟ್ಟಿದರೆ ನಡುವೆ ಅಪಘಾತವೂ ಇರಬಹುದು, ಫುಚ್ಕಾ (ನಮ್ಮ ಪಾನಿಪೂರಿ) ಮಾರುವವನೂ ಇರಬಹುದು. ಕಣ್ಣು ಅರ್ಧ ಮುಚ್ಚಿ ಒಳಗೆ ಇಣುಕಿದೆ. ಫುಚ್ಕಾ. ಸಾಲು ತಪ್ಪಿಸಿ ನುಗ್ಗಿದೆನೆಂದು ಒಬ್ಬಾಕೆ ಬೈದಳು. ಬೈಗುಳ ಕೇಳಿ ಅಷ್ಟು ಹಿತವಾದದ್ದು ನನಗೆ ಅದೇ ಮೊದಲು.

ಸೇತುವೆ ಇಳಿದರೆ ಗರಿಯಾಹಾಟ್ ಕಡೆಯ ಬುಡದಲ್ಲಿ ಒಂದು ಚಾ ಅಂಗಡಿ. ಅದರ ಬೆಂಚಿನ ಮೇಲೆ ಭಾವ! ಪಕ್ಕದಲ್ಲಿ ದೀಪ ಆರಿದ ಸೈಕಲ್ಲು. ಕೈಯಲ್ಲಿ ಮಣ್ಣಿನ ಕುಡಿಕೆಯ ಚಾ. ನನಗೆ ಅಳು ಬಂತು, ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದು ಕೆಮ್ಮಾಯಿತು.

“ಬಾ, ಕೂತ್ಕೋ” ಎಂದರು. ಇಲ್ಲಿಯವರೆಗೆ ಬಂದಾಗ ಲೈಟು ಹೋಯಿತಂತೆ. ಚಾರ್ಜೂ ನಿಂತು ಫೋನೂ ಸತ್ತಿತಂತೆ. ನಿಯಮ ನಿಯಮವೇ, ಇಳಿದರು. ಇಲ್ಲಿಂದ ಮನೆಗೆ ಹತ್ತು ನಿಮಿಷ, ದೂಡಿಕೊಂಡು ಬರಬಹುದಿತ್ತಲ್ಲ ಎಂದೆ.

“ಬರಬಹುದಿತ್ತು. ಮನಸ್ಸಿಗೆ ಸ್ವಲ್ಪ ಬೇಜಾರಾಯ್ತು, ಕೂತೆ.” ಕುಡಿಕೆಯನ್ನು ಬೆಂಚಿನ ಮೇಲಿಟ್ಟರು. “ಒಂದು ವಿಷಯ ಉಂಟು. ಯಾರಿಗೂ ಹೇಳುದು ಬೇಡ. ಒಬ್ಬರು ಇದರ ನಟ್ಟು ಬಿಚ್ಚಿ ಇಟ್ಟಿದ್ರು.”

ನಾನು ಚಾ ಅಂಗಡಿಯ ಒಲೆಯನ್ನೇ ನೋಡುತ್ತಾ ಕುಳಿತೆ.

“ನಿನ್ನ ಅಕ್ಕ” ಎಂದರು ಭಾವ.

ನಾನು ಬಾಯಿ ತೆರೆದೆ. ಅವರು ಮುಂದುವರಿಸಿದರು: “ಮೊದಲ ದಿನವೇ ಸಿಕ್ಕಿತು ನನಗೆ. ಸೀಟಿನ ಅಡಿಯಲ್ಲಿ, ಕಾಗದದಲ್ಲಿ ಸುತ್ತಿ, ಮಡಚಿ. ಕಳ್ಳ ಹಾಗೆ ಇಡ್ತಾನಾ? ಅಷ್ಟು ಜಾಗ್ರತೆ ಅವಳಿಗೆ ಮಾತ್ರ ಇರುದು.”

“ಮತ್ತೆ ನೀವು ಬಿಗಿ ಮಾಡ್ಲಿಲ್ಲ ಎಂತಕ್ಕೆ ಭಾವ?”

“ಇಷ್ಟು ವರ್ಷದಲ್ಲಿ ಅವಳು ನನಗೆ ಹೋಗ್ಬೇಡಿ ಅಂತ ಒಂದು ಸಲ ಹೇಳಿದ್ದುಂಟಾ? ಬೇಗ ಬನ್ನಿ ಅಂತಾದ್ರೂ? ಇದು ಮೊದಲ ಸಲ ಮಾರಾಯ. ಬಾಯಲ್ಲಿ ಹೇಳ್ಲಿಲ್ಲ, ನಟ್ಟಿನಲ್ಲಿ ಹೇಳಿದಳು. ಅದನ್ನು ನಾನು ಹೋಗಿ ಬಿಗಿ ಮಾಡುದಾ?”

ಸೈಕಲ್ಲಿನ ಕಡೆ ಕೈ ತೋರಿಸಿದರು. “ಇವತ್ತು ನಟ್ಟು ಇತ್ತು. ಹೋಗಿ ಬನ್ನಿ ಅಂದಳು ಅಂತ ಖುಷಿಯಲ್ಲಿ ದಕ್ಷಿಣೇಶ್ವರದವರೆಗೆ ಹೋದೆ. ಈಗ ನೋಡಿದ್ರೆ ಅರ್ಧವೇ ಬಿಗಿ ಮಾಡಿದ್ದು. ಕಳಿಸ್ಲಿಕ್ಕೆ ಪೂರ್ತಿ ಮನಸ್ಸಿರಲಿಲ್ಲ ಅಂತ ಕಾಣ್ತದೆ. ನಾನು ಸರಿಯಾಗಿ ನೋಡ್ಬೇಕಿತ್ತು.”

ತೆರೆದ ಬಾಯಿಯನ್ನು ಮುಚ್ಚಿದೆ. ನಾನು ಕೋಲ್ಕತ್ತದ ಅತಿ ದೊಡ್ಡ ಹೇಡಿ ಇರಬಹುದು. ಆದರೆ ಆ ಹೊತ್ತಿನಲ್ಲಿ ನಿಜ ಹೇಳುವಷ್ಟು ಕಟುಕ ನಾನಲ್ಲ.

ಸೈಕಲ್ಲು ದೂಡಿಕೊಂಡು ಭಾವ ಹಿಂದೆ, ಮೊಬೈಲಿನ ಟಾರ್ಚು ಹಿಡಿದು ನಾನು ಮುಂದೆ, ಸೇತುವೆ ದಾಟಿದೆವು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಭಾವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಬಿಸಿನೀರು ಉಂಟು ಅಂತ ಹೇಳು” ಎಂದು ನನಗೆ ಹೇಳಿ ಒಳಗೆ ಹೋದಳು.

ಮರುದಿನ ಮಧ್ಯಾಹ್ನ, ಭಾವ ಅಡ್ಡಾಗಿದ್ದಾಗ, ಅಕ್ಕನ ಅಡುಗೆಮನೆಯಲ್ಲಿ ನಿಂತು ಎಲ್ಲವನ್ನೂ ಒಪ್ಪಿಸಿದೆ. ನಟ್ಟು ಬಿಚ್ಚಿದ್ದು ನಾನು, ಅವರು ಅದು ನೀನೆಂದು ತಿಳಿದಿದ್ದಾರೆ, ಹಾಗೆ ತಿಳಿದೇ ದಿನಾ ಬೇಗ ಬರುತ್ತಿದ್ದರು. ಅಕ್ಕ ಸೌತೆಕಾಯಿ ಹೆಚ್ಚುತ್ತಿದ್ದಳು. ಹೆಚ್ಚಿ ಮುಗಿಸಿದಳು. ಬೈಯುತ್ತಾಳೆ ಎಂದು ಕಾದೆ. ಕೈ ತೊಳೆದು, ಸೆರಗಿಗೆ ಒರೆಸಿ, ಒಲೆಯ ಪಕ್ಕದ ಇಕ್ಕಳ ಎತ್ತಿಕೊಂಡಳು.

“ಯಾವ ನಟ್ಟು? ತೋರಿಸು.”

ಮಂಡಿ ನೋವಿನವಳು ಮೂರು ಮಹಡಿ ಇಳಿದಳು. ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ನಾನು ಕೆಂಪು ವೈರು ತೋರಿಸಿದೆ. ಇಕ್ಕಳದಲ್ಲಿ ಹಿಡಿದು ತಿರುಗಿಸಿದಳು. ಸಾಕಕ್ಕ, ತುಂಡಾಗುತ್ತದೆ ಎಂದರೂ ಇನ್ನೊಂದು ಸುತ್ತು ತಿರುಗಿಸಿ ನಿಲ್ಲಿಸಿದಳು. ಒತ್ತುವುದು ಎಲ್ಲಿ ಎಂದು ಕೇಳಿ, ತಾನೇ ಸ್ವಿಚ್ಚು ಒತ್ತಿದಳು.

ಬೆಳಕು ಗೋಡೆಗೆ ಹೋಗಿ ಬಿತ್ತು. ಕರೆಂಟಿನ ಮೀಟರುಗಳು, ಯಾರದೋ ಹರಿದ ಕೊಡೆ, ಸಾಲು ಚಪ್ಪಲಿ ಎಲ್ಲ ಒಮ್ಮೆಲೇ ಎದ್ದು ನಿಂತವು. ಅಕ್ಕ ದೀಪದ ಮುಂದೆ ಅಂಗೈ ಹಿಡಿದಳು. ಬೆರಳುಗಳ ಅಂಚು ಕೆಂಪಾಯಿತು.

“ಇಷ್ಟು ಬೆಳಕು ಉಂಟಾ ಇದಕ್ಕೆ?”

ಹೌದು ಎಂದೆ.

“ಹೊಗೆ ಬಂದದ್ದು ಹೇಳಿದೆ, ಉಬ್ಬಿದ್ದು ಹೇಳಿದೆ. ಇದನ್ನು ಹೇಳ್ಲೇ ಇಲ್ಲ ನೀನು.”

ಅಷ್ಟರಲ್ಲಿ ಮೇಲೆ ಬಾಗಿಲ ಸದ್ದಾಯಿತು. ಮೆಟ್ಟಿಲ ಮೇಲೆ ಭಾವನ ಹೆಜ್ಜೆ. ನಾನು ಗಾಬರಿಯಿಂದ ಸ್ವಿಚ್ಚಿಗೆ ಕೈ ಹಾಕಿದೆ. ಅಕ್ಕ ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದಳು.

“ಉರೀಲಿ” ಎಂದಳು. “ನೀನು ಮೇಲೆ ಹೋಗು. ಅವರ ಹತ್ತಿರ ನಾನೇ ಮಾತಾಡ್ತೇನೆ.”